ಕಬ್ಬಿಣದ ಬೀರುವಿನಲ್ಲಿರುವ ತುಪ್ಪದ ಡಬ್ಬಿ

ಹೋದ ತಿಂಗಳು ಭೇಲೂಪುರದ ನಮ್ಮ ಹಳೆಯ ಕಚೇರಿಯಿಂದ ಚೈತ್ರಾ ಫೋನ್ ಮಾಡಿದಳು. ತುಮಕೂರಿನ ಕಡೆಯ ಹುಡುಗಿ. ಕಾನೂನು ಓದಿ, ಎಲ್ಲ ಬಿಟ್ಟು ಕಾಶಿಗೆ ಬಂದು ಈ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ. ಫೈಲುಗಳ ಬೀರು ಒಪ್ಪ ಮಾಡುತ್ತಿದ್ದಳಂತೆ.

"ಸರ್, ಹೇಬಿಯಸ್ ಕಾರ್ಪಸ್ ಫೈಲುಗಳ ಹಿಂದೆ ಒಂದು ಸ್ಟೀಲ್ ಡಬ್ಬಿ ಇದೆ. ಒಳಗೆ ತುಪ್ಪ. ಯಾರೋ ಊಟಕ್ಕೆ ತಂದು ಮರೆತುಬಿಟ್ಟಿದಾರೆ ಅನ್ಸುತ್ತೆ. ಬಿಸಾಕ್ಲಾ?"

"ಬೇಡ!" ಎಂದು ನಾನು ಕೂಗಿದ ಕೂಗಿಗೆ ಅಡುಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದಳು.

ಯಾಕೆ ಬೇಡ ಎಂದು ಚೈತ್ರಾಳಿಗೆ ಹೇಳಲು ಹೊರಟೆ. ಐದು ನಿಮಿಷ ತಡವರಿಸಿದೆ. ಎಲ್ಲಿಂದ ಶುರು ಮಾಡಿದರೂ ಅದಕ್ಕಿಂತ ಹಿಂದಿನದೊಂದು ಹೇಳಬೇಕಾಗುತ್ತಿತ್ತು. "ಬರೆದು ಕೊಟ್ಬಿಡಿ ಸರ್, ನಂಗೂ ಆಯ್ತು, ಊರಲ್ಲಿ ಇದೇ ಥರ ಕೆಲಸಕ್ಕೆ ಸೇರಿರೋ ನನ್ನ ಫ್ರೆಂಡ್ಸ್‌ಗೂ ಆಯ್ತು" ಎಂದಳು. ಅದಕ್ಕೇ ಈ ಬರಹ. ಆದರೆ ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿದರೆ ಕೆಲಸ ಬರುತ್ತದೆ ಎಂದುಕೊಳ್ಳಬೇಡಿ. ಮೂವತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿ ನಾನು ಮನೆಗೆ ತಂದುಕೊಂಡದ್ದು ಗೊಂದಲವನ್ನೇ.

ನಮ್ಮ ಮನೆ ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ. ಮುತ್ತಾತ ಮೈಸೂರು ಸೀಮೆಯಿಂದ ಬಂದು ಇಲ್ಲಿ ನೆಲೆಸಿದವರು. ಕರ್ನಾಟಕದಿಂದ ಬರುವ ಯಾತ್ರಿಕರನ್ನು ಇಳಿಸಿಕೊಂಡು ಶ್ರಾದ್ಧ, ಅಸ್ಥಿವಿಸರ್ಜನೆ ಮಾಡಿಸಿಕೊಡುವುದು ಮನೆತನದ ವೃತ್ತಿ. ಬಂದವರ ವಿವರವನ್ನೆಲ್ಲ ವಹಿ ಎಂಬ ಉದ್ದನೆಯ ಪುಸ್ತಕದಲ್ಲಿ ಬರೆದಿಡುವುದು ನಮ್ಮವರ ಪದ್ಧತಿ. ಮೊಮ್ಮಗ ಬಂದು ನಿಂತರೆ ಅವನ ಅಜ್ಜ ಯಾರ ಅಸ್ಥಿ ತಂದಿದ್ದ ಎಂದು ಪುಟ ತೆಗೆದು ತೋರಿಸುತ್ತೇವೆ. ಮಂತ್ರವೆಲ್ಲ ನನ್ನ ಅಣ್ಣ ಗೋಪಣ್ಣನಿಗೆ ಹತ್ತಿತು. ನಾನು ಗರುಡ ಪುರಾಣದ ಅರ್ಧಕ್ಕೇ ಆಕಳಿಸುತ್ತಿದ್ದೆ. ಅಕ್ಷರ ಮಾತ್ರ ಚೆನ್ನಾಗಿತ್ತು, ಹಾಗಾಗಿ ವಹಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ಕಲಿಸಿದ ಕ್ರಮ ಇಷ್ಟೇ: ಹೆಸರು, ತಂದೆ, ತಾತ, ಊರು, ದಿನ, ಬಂದ ಕಾರಣ ಬರಿ. ಬರೆದದ್ದನ್ನು ಓದಿ ಹೇಳು. ಸಹಿ ಹಾಕಿಸು. ಸಾಕ್ಷಿಯಾಗಿ ನೀನೂ ಹಾಕು. ನಾಳೆಗೆ ಅಂತ ಬಿಡಬೇಡ.

ಈ ಅಕ್ಷರ ನೋಡಿಯೇ ಮಿಶ್ರಾಜಿ ನನ್ನನ್ನು ಕರೆದದ್ದು. ಅವರು ವಕೀಲರು. ಪೊಲೀಸರು ಕಾರಣ ಕೊಡದೆ ಎತ್ತಿಕೊಂಡು ಹೋದವರ ಪರವಾಗಿ, ಸಭೆ ಸೇರಿದ್ದಕ್ಕೆ ಏಟು ತಿಂದವರ ಪರವಾಗಿ ಓಡಾಡುವ ಒಂದು ಸಣ್ಣ ಸಂಸ್ಥೆ ಕಟ್ಟಿಕೊಂಡಿದ್ದರು. ದಕ್ಷಿಣದ ಗೆಳೆಯರೊಬ್ಬರನ್ನು ಅವರ ತಾಯಿಯ ಶ್ರಾದ್ಧಕ್ಕೆಂದು ನಮ್ಮ ಮನೆಗೆ ಕರೆತಂದಾಗ ನಾನು ವಹಿ ಬರೆಯುವುದನ್ನು ಬಗ್ಗಿ ನೋಡಿದರು. ಕನ್ನಡ ಒಂದಕ್ಷರ ಬಾರದು, ಆದರೂ ನೋಡಿದರು. "ಇದೇ ಕೆಲಸ ನನ್ನ ಹತ್ತಿರ ಮಾಡುತ್ತೀಯಾ, ಶಾಸ್ತ್ರೀಜಿ? ಸತ್ತವರದ್ದು ಬಿಟ್ಟು ಬದುಕಿರುವವರದ್ದು ಬರಿ" ಎಂದರು. ಶಾಸ್ತ್ರಿಯಾಗಲು ಆಗದವನಿಗೆ ಆ ದಿನದಿಂದ ಶಾಸ್ತ್ರೀಜಿ ಎಂಬ ಹೆಸರೇ ಅಂಟಿಕೊಂಡಿತು. ಮನೆಯವರಿಗೆ ಮಾತ್ರ ನಾನು ರಾಮಣ್ಣನೇ.

ಅವರ ಕ್ರಮವೂ ಅಪ್ಪನದೇ. ಹೆಸರು, ತಂದೆ, ಊರು, ದಿನ, ಏನಾಯಿತು. ಓದಿ ಹೇಳು, ಸಹಿ ಹಾಕಿಸು, ನಾಳೆಗೆ ಬಿಡಬೇಡ. ಯಾರಾದರೂ ಅಳುತ್ತ ಬಂದು ನಾನೂ ಕಣ್ಣೊರೆಸಿಕೊಂಡರೆ ಗದರುತ್ತಿದ್ದರು: "ಪೆಹಲೇ ಲಿಖೋ, ಬಾದ್ ಮೇಂ ರೋವೋ." ಮೊದಲು ಬರಿ, ಆಮೇಲೆ ಅಳು. ಎರಡೂ ಕಡೆ ಒಂದೇ ಕ್ರಮ ಇದ್ದದ್ದೇ ಮುಂದೆ ನನಗೆ ಮುಳುವಾಯಿತು. ಅದು ಆಮೇಲೆ ಬರುತ್ತದೆ.

ಕಚೇರಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ. ಮೆಟ್ಟಿಲು ಒಂದೇ. ಸೇರಿದ ಹೊಸತರಲ್ಲಿ ಒಬ್ಬರು ದವಡೆ ಊದಿಸಿಕೊಂಡು ಬಂದು ಬೆಂಚಿನ ಮೇಲೆ ಕೂತರು. ನಾನು ಲಾಠಿ ಏಟೇ ಎಂದು ನಿರ್ಧರಿಸಿ ಬರೆಯತೊಡಗಿದೆ. ಯಾವಾಗಿನಿಂದ ನೋವು? ಮೂರು ದಿನದಿಂದ. ಯಾರು ಕಾರಣ? ಪಾಪ, ಆತ ಯೋಚಿಸಿ, "ನನ್ನ ತಪ್ಪೇ, ಸುಪಾರಿ ಜಾಸ್ತಿ ತಿಂದೆ" ಎಂದ. ಅರ್ಧ ಹಾಳೆ ತುಂಬಿದ ಮೇಲೆ ಗೊತ್ತಾದದ್ದು. ಮಿಶ್ರಾಜಿ ಆ ಹಾಳೆಯನ್ನು ಬಹಳ ಕಾಲ ಮೇಜಿನ ಗಾಜಿನಡಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು.

ಆ ಕಾಲದಲ್ಲಿ ನಮ್ಮ ದೊಡ್ಡ ಆಯುಧ ತಂತಿ. ಯಾರನ್ನಾದರೂ ಎತ್ತಿಕೊಂಡು ಹೋದರೆಂದು ತಿಳಿದ ಕೂಡಲೇ ತಂತಿ ಕಚೇರಿಗೆ ಓಡಬೇಕು. ಮ್ಯಾಜಿಸ್ಟ್ರೇಟರಿಗೆ, ಪೊಲೀಸ್ ವರಿಷ್ಠರಿಗೆ, ಹೈಕೋರ್ಟಿಗೆ ಒಂದೊಂದು ಸಾಲು ಹೊಡೆಯಬೇಕು. ಅವರು ಓದುತ್ತಾರೋ ಬಿಡುತ್ತಾರೋ, ರಸೀದಿಯ ಮೇಲೆ ದಿನ, ಗಂಟೆ, ನಿಮಿಷ ಬೀಳುತ್ತಿತ್ತು. ನಾಳೆ ಪೊಲೀಸರು "ಹಿಡಿದದ್ದೇ ಇವತ್ತು ಬೆಳಿಗ್ಗೆ" ಎಂದರೆ ಆ ರಸೀದಿ ಎತ್ತಿ ಹಿಡಿಯಬಹುದಿತ್ತು.

ಆ ಉತ್ಸಾಹದಲ್ಲೇ ಒಮ್ಮೆ ದೊಡ್ಡ ಎಡವಟ್ಟು ಮಾಡಿದೆ. ಒಬ್ಬ ನೇಕಾರನನ್ನು ಪೊಲೀಸರು ಎತ್ತಿಕೊಂಡು ಹೋದರೆಂದು ಅವನ ಅಣ್ಣತಮ್ಮಂದಿರು ಎದೆ ಬಡಿದುಕೊಂಡು ಬಂದರು. ನಾನು ಹಿಂದೆಮುಂದೆ ನೋಡದೆ ಆರು ತಂತಿ ಕಳಿಸಿದೆ. "ಪ್ರಾಣಾಪಾಯ" ಎಂದೂ ಸೇರಿಸಿದೆ. ಸಂಜೆ ನೋಡಿದರೆ ಆಸಾಮಿ ಗಂಗೆಯಾಚೆಯ ರಾಮನಗರದಲ್ಲಿ, ಮಾವನ ಮನೆಯ ಜಗಲಿಯಲ್ಲಿ ಕೂತು ಲಿಟ್ಟಿ ಚೋಖಾ ತಿನ್ನುತ್ತಿದ್ದಾನೆ! ಹೆಂಡತಿಯ ಜೊತೆ ಜಗಳವಾಡಿ ಅವಳ ಹಿಂದೆಯೇ ಸೇತುವೆ ದಾಟಿ ಹೋಗಿದ್ದನಂತೆ. ಪೊಲೀಸ್ ಸಾಹೇಬರು ಮಿಶ್ರಾಜಿಯನ್ನು ಕರೆಸಿ ಚಹಾ ಕೊಟ್ಟು ನಗಾಡಿದರು. ಮಿಶ್ರಾಜಿ ವಾಪಸು ಬಂದು ನನ್ನ ಮುಖಕ್ಕೆ ಮಂಗಳಾರತಿ ಎತ್ತಿದರು. ಅವತ್ತಿನಿಂದ ನಮ್ಮ ದೂರಿನ ಫಾರಂನಲ್ಲಿ ಒಂದು ಪ್ರಶ್ನೆ ಸೇರಿತು: ನೆಂಟರಿಷ್ಟರ ಮನೆಗಳಲ್ಲಿ ವಿಚಾರಿಸಿದ್ದೀರಾ? ಸೇರಿಸಿದವನು ನಾನೇ. ಚೈತ್ರಾ, ಆ ಪ್ರಶ್ನೆ ಈಗಲೂ ಇದೆ, ನಾಲ್ಕನೆಯದು. ಇರಬೇಕೋ ಬೇಡವೋ ನನಗೆ ಈಗಲೂ ತಿಳಿಯದು.

ಯಾಕೆ ಎಂದು ಹೇಳುತ್ತೇನೆ.

ತಂತಿ ಕಚೇರಿ ಮುಚ್ಚಿದ ಮೇಲಿನ ಮಾತು. ಭಾನುವಾರಗಳಂದು ನಾನು ಘಾಟಿನ ಮೆಟ್ಟಿಲ ಮೇಲೆ ನಾವಿಕರು, ಹೂ ಮಾರುವವರು, ಯಾತ್ರಿಕರಿಗೆ ದಾರಿ ತೋರಿಸುವ ಹುಡುಗರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದೆ. ಪೊಲೀಸರು ತಡೆದರೆ ಜಗಳವಾಡಬೇಡಿ, ಓಡಬೇಡಿ. ಯಾವ ಆದೇಶ ಎಂದು ಮೆತ್ತಗೆ ಕೇಳಿ. ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ ಬರೆದುಕೊಳ್ಳಿ. ಬರೆದದ್ದು ಉಳಿಯುತ್ತದೆ ಎಂದು ಹೇಳುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂರುತ್ತಿದ್ದವನು ಶ್ರೀಧರ. ನಮ್ಮ ಮನೆಯಲ್ಲಿ ಯಾತ್ರಿಕರಿಗೆ ಅಡುಗೆ ಮಾಡುತ್ತಿದ್ದ ಗಿರಿಜಕ್ಕನ ಒಬ್ಬನೇ ಮಗ. ಗಿರಿಜಕ್ಕ ಗಂಡ ಹೋದ ಮೇಲೆ ಅವನನ್ನು ಸಾಕಿಕೊಂಡು ಇಲ್ಲೇ ಉಳಿದಾಕೆ. ಶ್ರೀಧರ ಬಿ.ಎ. ಮುಗಿಸಿ, ಕನ್ನಡದ ಯಾತ್ರಿಕರನ್ನು ದೋಣಿಯಲ್ಲಿ ಸುತ್ತಿಸುತ್ತಿದ್ದ. ಜೇಬಿನಲ್ಲಿ ಸದಾ ಒಂದು ಸಣ್ಣ ನೋಟ್ ಪುಸ್ತಕ. ಅದನ್ನು ಕೊಟ್ಟವನೂ ನಾನೇ.

ಒಂದು ಮಧ್ಯಾಹ್ನ ಘಾಟಿನ ದಾರಿಯಲ್ಲಿ ಗಾಡಿ ಅಂಗಡಿಗಳನ್ನು ತೆರವು ಮಾಡಿಸುತ್ತಿದ್ದರು. ನೂಕುನುಗ್ಗಲಾಯಿತು. ಶ್ರೀಧರನಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ ಹೋಗಿ, ಆದೇಶ ತೋರಿಸಿ ಎಂದು ಮೆತ್ತಗೆ ಕೇಳಿದನಂತೆ. ಜೇಬಿನಿಂದ ಪುಸ್ತಕ ತೆಗೆದು ಅಧಿಕಾರಿಯ ಎದೆಯ ಮೇಲಿನ ಹೆಸರು ಬರೆದುಕೊಳ್ಳತೊಡಗಿದನಂತೆ. ಅಂಗಡಿಯವರ ಜೊತೆ ಅವನನ್ನೂ ಜೀಪಿಗೆ ಹತ್ತಿಸಿದ್ದನ್ನು ಪಾನ್ ಅಂಗಡಿಯ ರಾಮ್‌ಲಾಲ್ ಕಂಡ. ಸಂಜೆಗೆ ಆರು ಜನ ಠಾಣೆಯಿಂದ ಬಿಡುಗಡೆಯಾಗಿ ಬಂದರು. ಠಾಣೆಯ ಪುಸ್ತಕದಲ್ಲೂ ಆರೇ ಹೆಸರು. ಶ್ರೀಧರನೆಂಬುವನು ಬಂದೇ ಇಲ್ಲ ಎಂದರು. ಠಾಣೆ ಯಾವುದೆಂದು ಬರೆಯುವುದಿಲ್ಲ, ಕೇಸು ಇನ್ನೂ ನಡೆಯುತ್ತಿದೆ.

ಗಿರಿಜಕ್ಕ ಮಧ್ಯಾಹ್ನ ಎರಡು ಗಂಟೆಗೇ ಕಚೇರಿಗೆ ಬಂದಿದ್ದಳು. ಚಪ್ಪಲಿಯಿಲ್ಲದೆ, ಸೆರಗಿನಲ್ಲಿ ಕಡಲೆಹಿಟ್ಟು ಮೆತ್ತಿಕೊಂಡು.

"ರಾಮಣ್ಣ, ಶ್ರೀಧರನ್ನ ಜೀಪಲ್ಲಿ ಹಾಕ್ಕೊಂಡು ಹೋದ್ರಂತೆ ಕಣೋ. ಠಾಣೆಗೆ ಫೋನ್ ಮಾಡು."

ನಾನು ಫಾರಂ ತೆಗೆದೆ. ಮೂರು ಪ್ರಶ್ನೆ ಆಯಿತು. ನಾಲ್ಕನೆಯದಕ್ಕೆ ಬಂದೆ.

"ನೆಂಟರ ಮನೆಗೆ ಏನಾದ್ರೂ ಹೋಗಿದಾನಾ ವಿಚಾರಿಸಿದ್ಯಾ ಅಕ್ಕಾ? ಮಠದಲ್ಲಿ? ದೋಣಿಯವರ ಹತ್ರ?"

"ಇಲ್ಲ. ರಾಮ್‌ಲಾಲ್ ಕಣ್ಣಾರೆ ನೋಡಿದಾನೆ ಅಂತಿದೀನಲ್ಲ."

"ಒಂದ್ಸಲ ವಿಚಾರಿಸ್ಕೊಂಡು ಬಾ. ಆಮೇಲೆ ಕೂತು ಎಲ್ಲಾ ಬರಿಯೋಣ."

ಅವಳು ನನ್ನ ಮುಖ ನೋಡಿದಳು. ಬರಿಗಾಲಲ್ಲೇ ಮೆಟ್ಟಿಲಿಳಿದಳು. ಕಾಶಿಯಲ್ಲಿರುವ ಕನ್ನಡದ ಮನೆಗಳನ್ನೆಲ್ಲ ತಿರುಗಿ, ಮಠಕ್ಕೆ ಹೋಗಿ, ಕತ್ತಲಾಗುವ ಹೊತ್ತಿಗೆ ವಾಪಸು ಬಂದಳು. ಅಷ್ಟರಲ್ಲಿ ಠಾಣೆಯ ದೊಡ್ಡವರು ಎದ್ದು ಹೋಗಿದ್ದರು. ನಮ್ಮ ದೂರಿಗೆ ಮೊಹರು ಬಿದ್ದದ್ದು ಮರುದಿನ. ಅವತ್ತು ಎರಡು ಗಂಟೆಗೇ ನಾನು ಠಾಣೆಯ ಮುಂದೆ ಹೋಗಿ ನಿಂತಿದ್ದರೆ? ಗೊತ್ತಿಲ್ಲ. ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡಿದ್ದೇನೆಂದರೆ, ಅದರ ಅಂಚುಗಳೇ ಸವೆದುಹೋಗಿವೆ. ನಾಚಿಕೆ ಮಾತ್ರ ಸವೆದಿಲ್ಲ.

ಮಿಶ್ರಾಜಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಿದರು. ಹಿಡಿದಿಟ್ಟ ಮನುಷ್ಯನನ್ನು ತಂದು ನ್ಯಾಯಾಧೀಶರ ಮುಂದೆ ನಿಲ್ಲಿಸಿ ಎಂದು ಕೇಳುವ ಅರ್ಜಿ ಅದು. ಅರ್ಜಿದಾರಳು ಗಿರಿಜಕ್ಕ. ಜೊತೆಗೆ ಅಫಿಡವಿಟ್ ಮಾಡಿದವನು ನಾನು. "ಶ್ರೀಧರನು ಜೀವಂತವಾಗಿ ಅಕ್ರಮ ಬಂಧನದಲ್ಲಿದ್ದಾನೆಂದು ನಂಬಿದ್ದೇನೆ" ಎಂದು ಪ್ರಮಾಣ ಮಾಡಿ ಸಹಿ ಹಾಕಿದೆ. ಮುಂದೂಡಿಕೆಯ ಮೇಲೆ ಮುಂದೂಡಿಕೆ. ಪ್ರತಿ ಸಲವೂ ಗಿರಿಜಕ್ಕ ಬುತ್ತಿ ಕಟ್ಟಿಕೊಂಡು ನಮ್ಮ ಜೊತೆ ಬಸ್ಸು ಹತ್ತುತ್ತಿದ್ದಳು. ಬುತ್ತಿಯಲ್ಲಿ ನಾಲ್ಕು ಜನಕ್ಕೆ ಊಟ. ನಾವು ಹೋಗುತ್ತಿದ್ದದ್ದು ಮೂರೇ ಜನ. ಮೊದಲ ಸಲ ಮಿಶ್ರಾಜಿ ಯಾಕೆಂದು ಕೇಳಿದರು. "ಇವತ್ತೇ ಕರ್ಕೊಂಡು ಬಂದ್ರೆ, ವಾಪಸ್ ಬರ್ತಾ ಅವನಿಗೆ ಹಸಿವಾಗಲ್ವಾ?" ಎಂದಳು. ಆಮೇಲೆ ಅವರು ಕೇಳಲಿಲ್ಲ.

ಹೀಗೆ ಆರು ವರ್ಷವಾಯಿತು. ಒಂದು ಬೆಳಿಗ್ಗೆ ಗಿರಿಜಕ್ಕ ನಮ್ಮ ಮನೆಯ ಒಲೆ ಹಚ್ಚದೆ ನೇರ ಗೋಪಣ್ಣನ ಮುಂದೆ ಬಂದು ಕೂತಳು.

"ಗೋಪಣ್ಣ, ಶ್ರೀಧರಂದು ಕರ್ಮ ಮಾಡಿಸ್ಬೇಕು."

ಅಣ್ಣ ಜಪಮಣಿ ಕೆಳಗಿಟ್ಟ. "ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯ್ಬೇಕು ಗಿರಿಜಮ್ಮ. ಶಾಸ್ತ್ರ ಅದು."

"ಹನ್ನೆರಡು ವರ್ಷ ನಾನು ಇರಬೇಕಲ್ಲ. ಕನಸಲ್ಲಿ ಬಂದು ನೀರು ಕೇಳ್ತಾನೆ. ಲೋಟ ತಗೊಂಡು ಹೋದ್ರೆ ಇರಲ್ಲ. ಅವನು ಸತ್ತಿದ್ರೆ, ಬಾಯಾರ್ಕೊಂಡು ಅಲೀತಿರೋದು ನನ್ನ ದೆಸೆಯಿಂದ."

"ಬದುಕಿದ್ರೆ?" ಎಂದ ಅಣ್ಣ.

"ಬದುಕಿದ್ರೆ ನಾನೊಬ್ಳು ಪಾಪಿ ಆಗ್ತೀನಿ, ಅಷ್ಟೇ ತಾನೆ? ಆ ಪಾಪ ನನಗಿರಲಿ."

ಅಣ್ಣ ಎದ್ದು ಶಲ್ಯ ಹೊದ್ದು ಹೊರಟ. ಹಿರಿಯ ಪುರೋಹಿತರೊಬ್ಬರನ್ನು ಕೇಳಿಕೊಂಡು ಬಂದ. ತಾಯಿ ಇಷ್ಟು ಸಂಕಟಪಡುತ್ತಿದ್ದರೆ ಮಾಡಬಹುದು ಎಂದರಂತೆ. ದೇಹ ಸಿಗದವರಿಗೆ ಮುತ್ತುಗದ ತೊಟ್ಟು, ದರ್ಭೆಗಳಿಂದ ಒಂದು ಆಕೃತಿ ಮಾಡಿ, ತಲೆಗೆ ತೆಂಗಿನಕಾಯಿ ಇಟ್ಟು, ಅದನ್ನೇ ದೇಹವೆಂದು ಭಾವಿಸಿ ದಹನ ಮಾಡುತ್ತಾರೆ. ಕರ್ತೃವಾಗಿ ಕೂರಲು ಗಂಡಸು ಬೇಕು. ದಾಯಾದಿಗಳು ಯಾರೂ ಇಲ್ಲಿರಲಿಲ್ಲ.

"ನೀನು ಕೂತ್ಕೋ ರಾಮಣ್ಣ. ಅವನಿಗೆ ನೋಟ್‌ಬುಕ್ ಕೊಟ್ಟೋನು ನೀನೇ" ಎಂದಳು. ಬೈದಳೋ, ನಂಬಿ ಹೇಳಿದಳೋ, ತಿಳಿಯಲಿಲ್ಲ. ಕೂತೆ.

ಮಣಿಕರ್ಣಿಕಾ ಘಾಟಿನ ಒಂದು ಮೂಲೆಯಲ್ಲಿ, ಹಗಲು ಹನ್ನೊಂದು ಗಂಟೆಗೆ, ಒಂದು ಮೊಳದ ಆ ಆಕೃತಿಗೆ ನಾನೇ ಬೆಂಕಿಯಿಟ್ಟೆ. ತೆಂಗಿನಕಾಯಿ ಸಿಡಿದ ಸದ್ದಿಗೆ ಗಿರಿಜಕ್ಕ ಎರಡೂ ಕಿವಿ ಮುಚ್ಚಿಕೊಂಡಳು. ಎಲ್ಲ ಮುಗಿದು ಮೆಟ್ಟಿಲ ಮೇಲೆ ಕೂತಾಗ ಕೇಳಿದಳು:

"ಗೋಪಣ್ಣ, ನಾಳೆ ಅವನು ಬಂದ್ಬಿಟ್ರೆ?"

"ಅದಕ್ಕೂ ವಿಧಿ ಇದೆ" ಎಂದ ಅಣ್ಣ. "ಸತ್ತ ಅಂತ ಸಂಸ್ಕಾರ ಆದೋನು ಬಂದ್ರೆ, ತುಪ್ಪದಲ್ಲಿ ಅದ್ದಿ, ಸ್ನಾನ ಮಾಡಿಸಿ, ಆಗ ತಾನೆ ಹುಟ್ಟಿದ ಕೂಸು ಅಂತ ಎಲ್ಲಾ ಮೊದಲಿಂದ ಮಾಡ್ಬೇಕು. ಹೆಸರಿಡೋದು, ಉಪನಯನ, ಎಲ್ಲಾ."

"ಎಷ್ಟು ತುಪ್ಪ?"

"ಮುಳುಗೋವಷ್ಟು ಅಂತಾರೆ. ಈಗ ಮೈಗೆಲ್ಲಾ ಸವರಿದ್ರೂ ಆಗುತ್ತೆ."

"ಉದ್ದ ಆಳು ಅವನು. ಒಂದು ಸೇರಾದ್ರೂ ಬೇಕು" ಎಂದು ಎದ್ದಳು. ದಾರಿಯಲ್ಲೇ ಹಾಲಿನವನ ಹತ್ತಿರ ನಿಂತು ಬೆಣ್ಣೆಗೆ ಹೇಳಿದಳು. ಅವಳ ಮುಖದಲ್ಲಿ ಆರು ವರ್ಷದಿಂದ ಕಾಣದಿದ್ದ ಒಂದು ಗೆಲುವು ಇತ್ತು. ಮಗನ ಕರ್ಮ ಮಾಡಿ ಬಂದವಳ ಮುಖವೇ ಇದು ಎಂದು ನನಗೆ ತಲೆ ಕೆಟ್ಟಿತು.

ಮನೆಗೆ ಬಂದು ಅಣ್ಣ ವಹಿ ತೆಗೆದ. ನೀನೇ ಬರಿ ಎಂದ. ಬರೆದೆ. ಶ್ರೀಧರ, ತಂದೆ, ತಾತ, ಊರು, ತಿಥಿ, ದೇಹ ಸಿಗದ ಕಾರಣ ಪ್ರತಿಕೃತಿ ದಹನ. ಓದಿ ಹೇಳಿದೆ. ಗಿರಿಜಕ್ಕನ ಸಹಿ ಹಾಕಿಸಿದೆ. ಕೆಳಗೆ ಕರ್ತೃವೆಂದೂ ಸಾಕ್ಷಿಯೆಂದೂ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಅಫಿಡವಿಟ್ಟಿನಲ್ಲಿದ್ದ ಅದೇ ಸಹಿ. ದೇವರಾಣೆಗೂ ಹೇಳುತ್ತೇನೆ, ಆ ಕ್ಷಣ ನನಗೆ ಏನೂ ಹೊಳೆಯಲಿಲ್ಲ. ಕಚೇರಿಯ ಬರಹ ಕಚೇರಿಗೆ, ಮನೆಯ ಬರಹ ಮನೆಗೆ. ಎರಡೂ ಬರೆಯುತ್ತಿದ್ದದ್ದು ಒಂದೇ ಕೈ ಎಂಬುದು ನನ್ನ ಬುದ್ಧಿಗೆ ಬರಲೇ ಇಲ್ಲ.

ಒಂದು ವರ್ಷದ ಮೇಲೆ ಇಬ್ಬರು ನಮ್ಮ ಮನೆಗೆ ಬಂದರು. ಸಾದಾ ಬಟ್ಟೆ, ಸಭ್ಯ ಮಾತು. ಹಳೆಯ ವಹಿಗಳನ್ನು ನೋಡಬೇಕಿತ್ತು ಎಂದರು. ನಾನು ಮನೆಯಲ್ಲಿರಲಿಲ್ಲ. ನಮ್ಮ ವಹಿ ನೋಡಲು ಯಾರಾದರೂ ಬಂದರೆ ಗೋಪಣ್ಣನಿಗೆ ಹಬ್ಬ. ಮುತ್ತಾತನ ಕಾಲದಿಂದ ಹಿಡಿದು ಒಂದೊಂದೇ ತೆಗೆದು ಹರಡಿದನಂತೆ. ಇತ್ತೀಚಿನದೂ ಇದೆಯೇ ಎಂದು ಅವರು ಕೇಳಿದರು. ಇಲ್ಲದೆ ಏನು! ಅವರಿಗೆ ಕನ್ನಡ ಬಾರದೆಂದು ಶ್ರೀಧರನ ಪುಟವನ್ನು ತಾನೇ ಹಿಂದಿಯಲ್ಲಿ ಸ್ಪಷ್ಟವಾಗಿ ಓದಿ ಹೇಳಿದ. "ನನ್ನ ತಮ್ಮನ ಅಕ್ಷರ. ಮುತ್ತು ಪೋಣಿಸಿದ ಹಾಗಿದೆ, ನೋಡಿ" ಎಂದ. ಅವರು ನೋಡಿದರು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಅಣ್ಣನ ಕಾಲಿಗೆ ನಮಸ್ಕಾರ ಮಾಡಿ ಹೋದರು.

ಮುಂದಿನ ತಾರೀಕಿನಂದು ಸರ್ಕಾರಿ ವಕೀಲರು ಆ ಪುಟವನ್ನು ಅನುವಾದದ ಸಮೇತ ಪೀಠದ ಮುಂದಿಟ್ಟರು. ತಾಯಿಯೇ ಮಗ ಸತ್ತನೆಂದು ಒಪ್ಪಿ ಕರ್ಮ ಮಾಡಿಸಿದ್ದಾಳೆ, ಸತ್ತವನನ್ನು ತಂದು ನಿಲ್ಲಿಸಿ ಎಂದು ಯಾರನ್ನು ಕೇಳುವುದು, ಅರ್ಜಿ ವಜಾ ಮಾಡಿ ಎಂದರು. ಮಿಶ್ರಾಜಿ ಪುಟ ನೋಡಿದರು. ಕನ್ನಡ ಬಾರದಿದ್ದರೂ ಆ ಅಕ್ಷರ ಯಾರದೆಂದು ಅವರಿಗೆ ಗೊತ್ತಾಯಿತು. ನನ್ನ ಕಡೆ ತಿರುಗಿ ನೋಡಿದ ಅವರ ನೋಟವನ್ನು ಇಲ್ಲಿ ಬರೆಯಲಾರೆ. ಇಪ್ಪತ್ತೈದು ವರ್ಷ ಆ ಮನುಷ್ಯನ ಜೊತೆ ದುಡಿದಿದ್ದೆ.

ನ್ಯಾಯಾಧೀಶರು ನನ್ನನ್ನು ಮುಂದೆ ಕರೆದರು.

"ಈ ಸಹಿ ನಿಮ್ಮದೇ?"

"ಹೌದು, ಸ್ವಾಮಿ."

"ಅಫಿಡವಿಟ್ಟಿನಲ್ಲಿರುವುದೂ?"

"ಹೌದು."

"ಒಂದರಲ್ಲಿ ಬದುಕಿದ್ದಾನೆ ಎನ್ನುತ್ತೀರಿ. ಇನ್ನೊಂದರಲ್ಲಿ ಸತ್ತಿದ್ದಾನೆ ಎನ್ನುತ್ತೀರಿ. ಎರಡಕ್ಕೂ ನೀವೇ ಸಾಕ್ಷಿ. ಯಾವುದು ನಿಜ?"

ಎಷ್ಟೋ ಜನಕ್ಕೆ ಕೋರ್ಟಿನಲ್ಲಿ ಹೇಗೆ ಉತ್ತರಿಸಬೇಕೆಂದು ಹೇಳಿಕೊಟ್ಟವನು ನಾನು. ನನ್ನ ಬಾಯಿಂದ ಬಂದದ್ದು ಒಂದೇ: "ಗೊತ್ತಿಲ್ಲ."

ಮಿಶ್ರಾಜಿ ಹಣೆಗೆ ಕೈ ಹಚ್ಚಿದರು. ಅಷ್ಟರಲ್ಲಿ ಹಿಂದಿನಿಂದ ಗಿರಿಜಕ್ಕ ಎದ್ದು ನಿಂತಳು. ಅವಳ ಹಿಂದಿ ಕಾಶಿಯ ಗಲ್ಲಿಯ ಹಿಂದಿ, ಅರ್ಧ ಭೋಜಪುರಿ. ಅದನ್ನು ಕನ್ನಡದಲ್ಲಿ ಹೀಗೆ ಹೇಳಬಹುದು:

"ಹುಜೂರ್, ಆ ಮನುಷ್ಯನ್ನ ಯಾಕೆ ಕೇಳ್ತೀರಿ? ಅದನ್ನ ಕೇಳೋದಕ್ಕೇ ತಾನೆ ನಾನು ಏಳು ವರ್ಷದಿಂದ ನಿಮ್ಮ ಹತ್ರ ಬರ್ತಿರೋದು? ಸತ್ತಿದ್ರೆ ಬಾಯಾರಬಾರದು ಅಂತ ನೀರು ಬಿಟ್ಟೆ. ಬದುಕಿದ್ರೆ ಬೇಕಾಗುತ್ತೆ ಅಂತ ಮನೇಲಿ ತುಪ್ಪ ಕಾಯಿಸಿಟ್ಟಿದೀನಿ. ನಂಗೆ ತಿಳಿದಷ್ಟು ಎರಡೂ ಕಡೆ ಮಾಡಿದೀನಿ. ಇನ್ನು ನಿಮ್ಮ ಕೆಲಸ ನೀವು ಮಾಡಿ."

ಎಂಥ ತುಪ್ಪ ಎಂದು ಹಿರಿಯ ನ್ಯಾಯಾಧೀಶರು ಕೇಳಿದರು. ಅವಳು ವಿವರಿಸಿದಳು. ಅಳಲಿಲ್ಲ. ಅಡುಗೆಯ ಕ್ರಮ ಹೇಳಿಕೊಟ್ಟ ಹಾಗೆ, ಎಷ್ಟು ತುಪ್ಪ, ಹೇಗೆ ಸವರಬೇಕು, ಆಮೇಲೆ ಯಾವ ಸ್ನಾನ ಎಂದು ಎಲ್ಲ ಹೇಳಿದಳು. ಸರ್ಕಾರಿ ವಕೀಲರು ನಡುವೆ ಬಾಯಿ ಹಾಕಲು ಹೋದರು. ನ್ಯಾಯಾಧೀಶರು ಕೈ ಎತ್ತಿ ತಡೆದರು.

ಅರ್ಜಿ ವಜಾ ಆಗಲಿಲ್ಲ. ಆ ದಿನ ಹೊರಗೆ ಹೋದ ಜೀಪಿನ ಲಾಗ್ ಪುಸ್ತಕವನ್ನು ಹಾಜರುಪಡಿಸಿ ಎಂದು ಆದೇಶವಾಯಿತು. ಠಾಣೆಯ ಪುಸ್ತಕ ನೋಡಿದ್ದೆವು. ಜೀಪಿನದು ಕೇಳಬೇಕೆಂದು ಏಳು ವರ್ಷದಲ್ಲಿ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಪುಸ್ತಕ ಬಂತು. ಅದರಲ್ಲಿ ಡ್ರೈವರ್ ತನ್ನ ಕೈಬರಹದಲ್ಲಿ ಬರೆದಿದ್ದ: ಘಾಟಿನಿಂದ ಠಾಣೆಗೆ, ಏಳು ಜನ. ಯಾರೋ ಪುಣ್ಯಾತ್ಮ, ಅವತ್ತೇ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದ. ಶ್ರೀಧರನನ್ನು ಕರೆದೊಯ್ದದ್ದು ನಿಜ ಎಂದು ಕೋರ್ಟು ದಾಖಲಿಸಿತು. ಬೇರೆ ತನಿಖೆಗೆ ಹೇಳಿತು. ಏಳನೆಯವನು ಆಮೇಲೆ ಎಲ್ಲಿಗೆ ಹೋದ ಎಂಬುದು ಇವತ್ತಿನವರೆಗೂ ಹೊರಬಂದಿಲ್ಲ.

ನನ್ನ ಎಡವಟ್ಟಿನಿಂದಲೇ ಆ ಪುಸ್ತಕ ಹೊರಬಂತಲ್ಲ ಎಂದು ಕೆಲವರು ಸಮಾಧಾನ ಹೇಳಿದರು. ಮಿಶ್ರಾಜಿ ಹಾಗೆ ಹೇಳಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ, "ಶಾಸ್ತ್ರೀಜಿ, ಆ ಪುಟ ಕಂಡ ದಿನವೇ ನಿನ್ನನ್ನು ಕೆಲಸದಿಂದ ತೆಗೆಯಬೇಕಿತ್ತು. ಆ ತಾಯಿಯ ಬುತ್ತಿ ತಿಂದ ಬಾಯಿಂದ ಮಾತು ಹೊರಡಲಿಲ್ಲ" ಎಂದರು. ನಾಲ್ಕನೆಯವನ ಪಾಲಿನ ಊಟವನ್ನು ಅವತ್ತೂ ನಾವೇ ಹಂಚಿಕೊಂಡಿದ್ದೆವು.

ಆಮೇಲೆ ನಾನು ನಿವೃತ್ತನಾದೆ. ಮಿಶ್ರಾಜಿ ತೀರಿಕೊಂಡರು. ಗಿರಿಜಕ್ಕ ಪ್ರತಿ ಕಾರ್ತಿಕದಲ್ಲಿ ಹಳೆಯ ತುಪ್ಪವನ್ನು ದೀಪಕ್ಕೆ ಹಾಕಿ ಹೊಸದು ಕಾಯಿಸಿ ತುಂಬಿಡುತ್ತಿದ್ದಳು. ಹೋದ ವರ್ಷ ಕೈಲಾಗದಾದಾಗ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ರಿಕ್ಷಾದಲ್ಲಿ ಕಚೇರಿಗೇ ಬಂದಳು. ನನ್ನನ್ನೂ ಕರೆಸಿದಳು. "ಮನೇಲಿಟ್ರೆ ನಾನು ಹೋದ್ಮೇಲೆ ಯಾರೋ ಒಗ್ಗರಣೆಗೆ ಹಾಕ್ಕೊಂಡುಬಿಡ್ತಾರೆ. ಅವನು ಬಂದ್ರೆ ಮೊದಲು ಇಲ್ಲಿಗೇ ತಾನೆ ಬರೋದು? ಇಲ್ಲಿರಲಿ" ಎಂದು ಅವಳೇ ಬೀರು ತೆಗೆಸಿ ಫೈಲಿನ ಪಕ್ಕ ಇಡಿಸಿದಳು.

ಈ ಚಳಿಗಾಲದಲ್ಲಿ ಗಿರಿಜಕ್ಕ ಹೋದಳು. ಮಣಿಕರ್ಣಿಕೆಯ ಮೆಟ್ಟಿಲ ಮೇಲೆ ನಾನೇ ಮತ್ತೆ ಒದ್ದೆ ಪಂಚೆಯಲ್ಲಿ ನಿಂತೆ. ಗೋಪಣ್ಣ ಸಂಕಲ್ಪ ಹೇಳಲು ಶುರು ಮಾಡಿ ನಡುವೆ ನಿಲ್ಲಿಸಿದ. ಮಗ ಇಲ್ಲದವಳೆಂದರೆ ಒಂದು ರೀತಿ. ಮಗ ದೂರದೇಶದಲ್ಲಿದ್ದು ಬರಲಾಗಲಿಲ್ಲವೆಂದರೆ ಅವನ ಪರವಾಗಿ ಬೇರೆಯವರು ಕೂರುವುದು ಇನ್ನೊಂದು ರೀತಿ.

"ಏನಂತ ಹೇಳ್ಲೋ?" ಎಂದ.

ಅದೇ ಪ್ರಶ್ನೆ. ಈ ಸಲ ಎದುರಿಗೆ ನ್ಯಾಯಾಧೀಶರಿರಲಿಲ್ಲ. ಹಿಂದಿನಿಂದ ಎದ್ದು ನಿಂತು ಉತ್ತರ ಹೇಳಲು ಗಿರಿಜಕ್ಕನೂ ಇರಲಿಲ್ಲ. ಅವಳು ಬಿದಿರಿನ ಚಟ್ಟದ ಮೇಲೆ ಮಲಗಿದ್ದಳು.

"ಮಗ ದೂರದಲ್ಲಿದಾನೆ. ಅವನ ಪರವಾಗಿ ನಾನು" ಎಂದೆ.

ಅಣ್ಣ ನನ್ನನ್ನೇ ನೋಡಿದ. "ಇದೇ ಜಾಗದಲ್ಲಿ ಅವನಿಗೆ ನೀನೇ ಬೆಂಕಿ ಇಟ್ಟಿದ್ದೀಯಲ್ಲೋ."

"ಹೌದಣ್ಣ."

"ಮತ್ತೆ?"

"ಗೊತ್ತಿಲ್ಲ. ಹಾಗೇ ಹೇಳು."

ಅವನು ಹಾಗೇ ಹೇಳಿದ. ಮನೆಗೆ ಬಂದು ವಹಿಯನ್ನು ನನ್ನ ಮುಂದೆ ತಳ್ಳಿದ. ಗಿರಿಜಮ್ಮ, ತಂದೆ, ಗಂಡ, ಊರು, ತಿಥಿ ಎಲ್ಲ ಬರೆದೆ. ಮಗ ಎಂಬಲ್ಲಿ ಶ್ರೀಧರ ಎಂದು ಬರೆದು, ಇನ್ನೂ ಬಂದಿಲ್ಲ ಎಂದು ಸೇರಿಸಿದೆ. ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಸಾದಾ ಬಟ್ಟೆಯವರು ಬೇಕಾದರೆ ಬಂದು ಇದರ ಫೋಟೋನೂ ತೆಗೆದುಕೊಂಡು ಹೋಗಲಿ.

ಅರ್ಜಿದಾರಳು ಹೋದಳೆಂದು ಕೇಸು ಬಿದ್ದುಹೋಗಬಾರದು. ಅವಳ ಜಾಗದಲ್ಲಿ ನನ್ನ ಹೆಸರು ಸೇರಿಸಲು ಮೊನ್ನೆ ಅರ್ಜಿ ಬರೆದು ಕಳಿಸಿದ್ದೇನೆ, ನಿನ್ನ ಮೇಜಿನ ಮೇಲಿರಬೇಕು, ಚೈತ್ರಾ. ಮುಂದಿನ ತಾರೀಕಿಗೆ ಬುತ್ತಿ ನಾನು ತರುತ್ತೇನೆ. ನಾವಿಬ್ಬರು, ಅವನೊಬ್ಬ, ಮೂರು ಜನಕ್ಕಾಗುವಷ್ಟು.

ಡಬ್ಬಿ ಇದ್ದಲ್ಲೇ ಇರಲಿ. ಕಾರ್ತಿಕಕ್ಕೆ ನಾನು ಬರುತ್ತೇನೆ. ನಾನು ಬರದಿದ್ದರೆ ಹಳೆಯದನ್ನು ದೀಪಕ್ಕೆ ಹಾಕಿ ನೀನೇ ಹೊಸದು ತುಂಬಿಸು. ಹಸುವಿನ ತುಪ್ಪವೇ ಆಗಬೇಕು. ಒಂದು ಸೇರಿಗಿಂತ ಕಡಿಮೆ ಬೇಡ, ಉದ್ದ ಆಳು ಅವನು.